ಸನ್ಮಾನ ಪತ್ರದಿಂದ ಬಿಟ್ಟುಹೋದ ಸಾಲು

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಸೆಪ್ಟೆಂಬರಲ್ಲಿ ಒಂದು ಫೋಟೊ ಬಂತು. ಪೌರಕಾರ್ಮಿಕರ ದಿನದ ಸನ್ಮಾನದ ಫೋಟೊ. ವೇದಿಕೆ ಮೇಲೆ ಹನ್ನೊಂದು ಜನ ಸಾಲಾಗಿ ನಿಂತು ಒಂದೇ ಹಾರಕ್ಕೆ ಕೈ ಹಾಕಿದ್ದರು. ಹಾರ ಹಿಡಿಯಲು ಜಾಗ ಸಿಗದವರು ಹಾರ ಹಿಡಿದವರ ಭುಜ ಹಿಡಿದಿದ್ದರು. ಹನ್ನೊಂದೂ ಮುಖ ಕ್ಯಾಮೆರಾ ಕಡೆಗೆ. ಸನ್ಮಾನ ಮಾಡಿಸಿಕೊಂಡವರು ಎಲ್ಲಿ ಅಂತ ನೋಡಿದರೆ ಕಾಣಲೇ ಇಲ್ಲ. ಝೂಮ್ ಮಾಡಿದ ಮೇಲೆ ಸಿಕ್ಕರು. ಕುರ್ಚಿಯಲ್ಲಿ ಕೂತ ಒಬ್ಬ ಹೆಂಗಸು. ಯಾರದೋ ಮೊಣಕೈ ಅಡ್ಡ ಬಂದು ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಮೈಸೂರು ಪೇಟ ಹುಬ್ಬಿನ ತನಕ ಇಳಿದಿತ್ತು. ಕೆಳಗೆ ಹನ್ನೊಂದು ಜನರ ಹೆಸರೂ ಇತ್ತು, ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಗೌರವ ಸಲಹೆಗಾರರು ಅಂತ ಹುದ್ದೆ ಸಮೇತ. ಆಕೆಯ ಹೆಸರು ಇರಲಿಲ್ಲ. 'ಪೌರಕಾರ್ಮಿಕರು' ಅಂತ ಮಾತ್ರ ಇತ್ತು. ಗುಂಪಿನಲ್ಲಿ ನಲವತ್ತು ಜನ ಕೈಮುಗಿದರು, ಚಪ್ಪಾಳೆ ತಟ್ಟಿದರು, ಹೂಗುಚ್ಛ ಹಾಕಿದರು. ಅಷ್ಟಕ್ಕೆ ಅದು ಮುಗಿಯಿತು.

ಮಂಡ್ಯದವರಿಗೆ ಫ್ಲೆಕ್ಸ್ ಬಗ್ಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಸಂಜಯ ಸರ್ಕಲ್‌ನಿಂದ ಮಹಾವೀರ ಸರ್ಕಲ್ ತನಕ ಒಂದು ಸಲ ನಡೆದರೆ ಈ ತಿಂಗಳು ಯಾರ ಹುಟ್ಟುಹಬ್ಬ, ಯಾರು ಯಾವ ಪಕ್ಷಕ್ಕೆ ಹಾರಿದರು, ಯಾವ ನಟನ ಸಿನಿಮಾ ಯಾವಾಗ ಎಲ್ಲ ಗೊತ್ತಾಗುತ್ತದೆ. 2016ರ ಮಾರ್ಚ್‌ನಲ್ಲೇ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧ ಮಾಡಿತ್ತು. ಆ ಆದೇಶ ಬಂದಿದ್ದಕ್ಕೆ ಧನ್ಯವಾದ ಅಂತ ಯಾರಾದರೂ ಫ್ಲೆಕ್ಸ್ ಹಾಕಿಸಿದ್ದರೂ ನನಗೆ ಆಶ್ಚರ್ಯ ಇಲ್ಲ. ಅದರ ಮೇಲೆ ನನಗೆ ಅಂಥ ಸಿಟ್ಟೂ ಇಲ್ಲ. ಅವರ ದುಡ್ಡು, ಅವರ ಮುಖ. ಮಳೆ ಬಂದರೆ ಅದೇ ಫ್ಲೆಕ್ಸ್ ಯಾರದೋ ಹಸುವಿನ ಕೊಟ್ಟಿಗೆಗೆ ಚಾವಣಿಯಾಗುತ್ತದೆ. ಕೂಲಿಂಗ್ ಗ್ಲಾಸ್ ಹಾಕಿದ ನಾಯಕರು ಒಳಗಡೆಯಿಂದ ಎಮ್ಮೆ ನೋಡುತ್ತಿರುತ್ತಾರೆ. ಅಷ್ಟಾದರೂ ಉಪಯೋಗ ಆಯಿತಲ್ಲ.

ತಲೆ ಕೊರೆಯುವುದು ಬೇರೆ ವಿಷಯ. ದೊಡ್ಡವರು ತಮ್ಮನ್ನು ತಾವೇ ಮೆರೆಸಿಕೊಳ್ಳುತ್ತಾರೆ, ಊರಿಗೆ ಉಪಕಾರ ಮಾಡುವ ಸಾಮಾನ್ಯರನ್ನು ಯಾರೂ ಗುರುತಿಸುವುದಿಲ್ಲ ಅಂತ ನಾವೆಲ್ಲ ಬಹಳ ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಈಗ ಗುರುತಿಸುತ್ತಿದ್ದಾರಲ್ಲ. ವಾರಕ್ಕೊಂದು ಸನ್ಮಾನ ನಡೆಯುತ್ತದೆ. 'ಎಲೆಮರೆ ಕಾಯಿ' ಅನ್ನೋ ಮಾತನ್ನು ಕೇಳದ ಭಾನುವಾರ ಇಲ್ಲ. ಆದರೂ ಏನೋ ಸರಿ ಹೋಗಿಲ್ಲ ಅನ್ನಿಸುತ್ತದೆ. ಏನದು ಅಂತ ಯೋಚನೆ ಮಾಡಿದರೆ ನನಗೆ ನೆನಪಾಗುವುದು ಒಂದು ಸನ್ಮಾನ ಪತ್ರ.

ಪತ್ರ ಬರ್ಕೊಡಿ ಮೇಷ್ಟ್ರೆ

ನಾನು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡುವವನು. ಹಾಗಾಗಿ ಮದುವೆ ಕರೆಯೋಲೆ, ಶ್ರದ್ಧಾಂಜಲಿ, ಬೀಳ್ಕೊಡುಗೆ ಕವಿತೆ, ಸನ್ಮಾನ ಪತ್ರ ಎಲ್ಲಕ್ಕೂ ನಮ್ಮ ಮನೆಗೇ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ರಾಜ್ಯೋತ್ಸವಕ್ಕೆ ಸಾಧಕರನ್ನು ಸನ್ಮಾನಿಸುತ್ತೇವೆ, ನಾಲ್ಕು ಜನರಿಗೆ ನೀವೇ ಪತ್ರ ಬರೆದುಕೊಡಬೇಕು ಅಂದರು. ಅದರಲ್ಲಿ ಒಬ್ಬರು ವಿಶ್ವೇಶ್ವರಯ್ಯ ನಾಲೆ ಪಕ್ಕದ ಊರಿನ ಈಜುಗಾರರು. ನಾಲೆಗೆ ಯಾರಾದರೂ ಬಿದ್ದರೆ ಸ್ಟೇಷನ್ನಿಂದ ಮೊದಲು ಫೋನ್ ಹೋಗುವುದು ಇವರಿಗೆ. ಬದುಕಿದ್ದರೆ ಎಳೆದು ತರುತ್ತಾರೆ. ಇಲ್ಲದಿದ್ದರೆ ಹೆಣ ಹುಡುಕಿಕೊಡುತ್ತಾರೆ. ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟ ಆಗಲಾರದು.

ವಿವರ ಕೇಳೋಣ ಅಂತ ಒಂದು ಭಾನುವಾರ ಮನೆಗೆ ಹೋದೆ. ಆಲೆಮನೆ ನಡೆಯುವ ಕಾಲದಲ್ಲಿ ಅಲ್ಲಿ ಕೆಲಸ, ಉಳಿದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುವುದು. ಹಜಾರದ ಮೂಲೆಯಲ್ಲಿ ಅವರ ಸಾಮಾನು ಇತ್ತು. ಗಾಳಿ ತುಂಬಿದ ಲಾರಿ ಟ್ಯೂಬು, ನೈಲಾನ್ ಹಗ್ಗದ ಎರಡು ಸುರುಳಿ, ಒಂದು ಪಾತಾಳ ಗರಡಿ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳ ಗರಡಿಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಅದರಿಂದ ಬೇರೇನು ಎತ್ತುತ್ತಾರೆ ಅಂತ ಹೊಳೆದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಕೊಕ್ಕೆಗಳ ತುದಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದರು. ಯಾಕೆ ಅಂತ ಕೇಳಿದೆ. "ಮೈಗೆ ಗಾಯ ಆಗ್ಬಾರ್ದು ಅಂತ. ಮನೇವ್ರು ನೋಡ್ತರಲ್ಲ" ಅಂದರು.

ಪತ್ರದಲ್ಲಿ ಹಾಕಲು ನನಗೆ ಸಂಖ್ಯೆ ಬೇಕಿತ್ತು. 'ಇದುವರೆಗೆ ಇಷ್ಟು ಪ್ರಾಣ ಉಳಿಸಿದ' ಅಂತ ಬರೆದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಅವರು ಕೊಡಲಿಲ್ಲ. "ಎಷ್ಟ್ ಜನುನ್ನ ಎತ್ತಿದೆ ಅಂತ ಲೆಕ್ಕ ಇಟ್ಕಳಕ್ಕೆ ಅದೇನ್ ರಾಗಿ ಮೂಟೆನಾ ಮೇಷ್ಟ್ರೆ? ಅದೆಲ್ಲ ಬುಡಿ." ಆಮೇಲೆ ಅವರ ಹೆಂಡತಿ ಒಳಗಿನಿಂದಲೇ ಹೇಳಿದರು: "ರಾತ್ರಿ ಹೊತ್ತು ಫೋನ್ ಬಂದ್ರೆ ನನ್ ಎದೆ ಧಸಕ್ ಅಂತದೆ ಅಣ್ಣ. ಬಂದ್ಮೇಲೆ ಹಿತ್ಲಲ್ಲೇ ನೀರ್ ಕಾಸಿ ಹುಯ್ಕಂಡು ಒಳಿಕ್ ಬರ್ತರೆ. ಎಲ್ಡ್ ದಿನ ಸರಿಯಾಗಿ ಉಣ್ಣಕಿಲ್ಲ." ದುಡ್ಡು ಏನಾದರೂ ಸಿಗುತ್ತಾ ಅಂತ ಕೇಳಿದ್ದಕ್ಕೆ ಅವರು ನಕ್ಕರು. ಹೆಣದ ಕಡೆಯವರು ಅಳುತ್ತಾ ನಿಂತಿರುವಾಗ ಪೆಟ್ರೋಲಿಗೆ ಕೊಡಿ ಅಂತ ಕೇಳುವ ಮನಸ್ಸು ಯಾರಿಗೆ ಬರುತ್ತದೆ? ಅವರಾಗಿ ಕೊಟ್ಟರೆ ಉಂಟು. ಇಲ್ಲದಿದ್ದರೆ ಇಲ್ಲ.

ಅಷ್ಟು ಹೊತ್ತು ಎಲ್ಲದಕ್ಕೂ ಬುಡಿ ಬುಡಿ ಅನ್ನುತ್ತಿದ್ದ ಮನುಷ್ಯ ನಾನು ಎದ್ದು ಹೊರಟಾಗ ನಿಲ್ಲಿಸಿದರು. ನಾಲೆ ಏರಿ ಮೇಲೆ ಕರೆದುಕೊಂಡು ಹೋದರು. ನೀರು ತುಂಬ ಹರಿಯುತ್ತಿತ್ತು. "ಇಲ್ನೋಡಿ. ಮೊದ್ಲು ಮಣ್ಣೇರಿ ಇತ್ತು. ಬಿದ್ದೋನು ಹುಲ್ಲೋ ಬೇರೋ ಹಿಡ್ಕಂಡು ಹತ್ಕತಿದ್ದ. ಈಗ ಎಲ್ಡೂ ಕಡೆ ಕಾಂಕ್ರೀಟು. ಪಾಚಿ ಕಟ್ಟಿರ್ತದೆ. ಈಜ್ ಬರೋನೂ ಹತ್ತಕಾಗಕಿಲ್ಲ. ಕೈ ಇಡ್ತನೆ, ಜಾರ್ತದೆ. ಇಡ್ತನೆ, ಜಾರ್ತದೆ. ಸುಸ್ತಾಗಿ ಹೊಂಟೋಯ್ತನೆ." ಹೇಳುತ್ತಾ ಅವರೇ ಕೂತು, ಅಂಗೈ ಆ ಇಳಿಜಾರಿನ ಮೇಲಿಟ್ಟು ತೋರಿಸಿದರು. ಕೈ ಸರ್ರಂತ ಜಾರಿತು. "ಇಷ್ಟಿಷ್ಟ್ ದೂರಕ್ಕೊಂದು ಸರಪಳಿ ಇಳಿಬುಡ್ಲಿ. ಇಲ್ಲ, ಮೆಟ್ಲು ಮಾಡ್ಲಿ. ತಿರುವಲ್ಲಿ ತಡೆಗೋಡೆ ಕಟ್ಲಿ. ನನ್ ಕೆಲ್ಸ ಅರ್ಧಕ್ಕರ್ಧ ಕಮ್ಮಿ ಆಯ್ತದೆ. ನಂದೇನೂ ಬರೀದಿದ್ರೂ ಪರ್ವಾಗಿಲ್ಲ, ಇದೊಂದ್ ಬರೀರಿ."

ಬರೆದೆ. ಪತ್ರದ ಕೊನೆಯಲ್ಲಿ ಒಂದೇ ಸಾಲು. ನಾಲೆಗೆ ತಡೆಗೋಡೆ, ಸರಪಳಿ, ಮೆಟ್ಟಿಲು ಬೇಕು ಎಂಬುದು ಇವರ ಕೋರಿಕೆ ಅಂತ.

ಇವರ ಸೇವೆ ಇತರರಿಗೆ ಮಾದರಿ

ಕಾರ್ಯಕ್ರಮ ಐದು ಗಂಟೆಗೆ ಅಂತ ಇತ್ತು. ಅತಿಥಿಗಳು ಬಂದಿದ್ದು ಎಂಟಕ್ಕೆ. ಅಲ್ಲಿಯ ತನಕ ಸಾಧಕರನ್ನು ಮುಂದಿನ ಸಾಲಲ್ಲಿ ಕೂರಿಸಿ ಭಾವಗೀತೆ ಹಾಡಿಸಿದರು. ಆಮೇಲೆ ಪ್ರಮುಖ ಅತಿಥಿಗಳು ಬಂದರು ಅಂತ ಸಾಧಕರನ್ನೇ ಮೂರನೇ ಸಾಲಿಗೆ ಕಳಿಸಿದರು. ಬಂದ ನಟರು ತಮ್ಮ ಮುಂದಿನ ಚಿತ್ರದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಎಲ್‌ಇಡಿ ಪರದೆ ಮೇಲೆ ಟ್ರೇಲರ್ ಹಾಕಿದರು. ಹೊರಗೆ ಪಟಾಕಿ ಹೊಡೆದರು. ಸನ್ಮಾನದ ಸರದಿ ಬಂದಾಗ ಹತ್ತು ಗಂಟೆ ಆಗಿತ್ತು. ಮೂವತ್ತಕ್ಕೂ ಹೆಚ್ಚು ಸಾಧಕರು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫೋಟೊ, ಮುಂದಿನವರು. ನಿರೂಪಕಿ ಪಾಪ, ಒಂದೇ ಉಸಿರಲ್ಲಿ ಪತ್ರಗಳ ಮೊದಲ ಎರಡು ಸಾಲು ಓದಿ ಓದಿ ಬಿಸಾಡುತ್ತಿದ್ದರು.

ನಮ್ಮ ಈಜುಗಾರರ ಪತ್ರಕ್ಕೆ ಕಟ್ಟು ಹಾಕಿಸಿದ್ದರು. ಹತ್ತಿರ ಹೋಗಿ ಓದಿದೆ. ಕೊನೆಯ ಸಾಲು ಇರಲಿಲ್ಲ. ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ ತುಂಬ ಸಮಾಧಾನವಾಗಿ ಹೇಳಿದರು: "ಸ್ಟೇಜ್ ಮೇಲೆ ಎಲ್ಲ ಪಾರ್ಟಿಯವರೂ ಇದ್ದಾರೆ ಮೇಷ್ಟ್ರೆ, ಸುಮ್ನೆ ಮುಜುಗರ. ಅದರ ಜಾಗಕ್ಕೆ 'ಇವರ ಸೇವೆ ಇತರರಿಗೆ ಮಾದರಿ' ಅಂತ ಹಾಕಿದ್ದೀವಿ. ಚೆನ್ನಾಗಿದೆ ಅಲ್ವಾ?"

ಆ ಕಾರ್ಯದರ್ಶಿ ಕೆಟ್ಟವರೇನಲ್ಲ. ಮನೆ ಮನೆ ಸುತ್ತಿ ಚಂದಾ ಎತ್ತಿ ಕಾರ್ಯಕ್ರಮ ಮಾಡಿದವರು. ಆದರೆ ಒಂದು ಸಾಲು ತೆಗೆದು ಇನ್ನೊಂದು ಸಾಲು ಸೇರಿಸುವಷ್ಟರಲ್ಲಿ ಇಡೀ ಪತ್ರ ತಲೆಕೆಳಗಾಗಿತ್ತು. ಈಜುಗಾರರು ಹೇಳಿದ್ದು ನನ್ನ ಕೆಲಸವೇ ಬೇಡದ ಹಾಗೆ ಮಾಡಿ ಅಂತ. ನಾವು ಹೇಳಿದ್ದು ನಿಮ್ಮಂಥವರು ಇನ್ನೂ ಹತ್ತು ಜನ ಹುಟ್ಟಲಿ ಅಂತ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಜುಗಾರರಿಗೆ ಹಾಗೇನೂ ಆಗಿರಲಿಕ್ಕಿಲ್ಲ. ಹಣ್ಣಿನ ಬುಟ್ಟಿ ಸ್ಕೂಟರ್ ಮುಂದೆ ಇಟ್ಟುಕೊಳ್ಳುತ್ತಾ "ಸಿನಿಮಾ ಚೆನ್ನಾಗಿರ್ಬೋದು ಅನ್ನಿಸ್ತದೆ ಮೇಷ್ಟ್ರೆ" ಅಂದರು.

2018ರ ನವೆಂಬರ್ 24

ಈ ತಾರೀಕು ಮಂಡ್ಯದವರು ಮರೆಯುವುದಿಲ್ಲ. ಶನಿವಾರ. ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ಇದೇ ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಸತ್ತರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ದಿನ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮಾರನೇ ದಿನ ಹೆಲಿಕಾಪ್ಟರಲ್ಲಿ ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ತಂದರು. ಸರ್ ಎಂ.ವಿ. ಕ್ರೀಡಾಂಗಣಕ್ಕೆ ಜನಸಾಗರ. ನಾನೂ ಹೋಗಿದ್ದೆ. ಸಾಲಲ್ಲಿ ನಿಂತಿದ್ದೆ. ಅಂಬರೀಷ್ ಅಂದರೆ ನಮ್ಮ ಕಡೆ ಬರೀ ನಟ ಅಲ್ಲ, ಮನೆಯಲ್ಲಿ ಒಬ್ಬ ಬಾಯಿ ಜೋರಿನ ದೊಡ್ಡಣ್ಣ ಇದ್ದ ಹಾಗೆ. ಅವರಿಗೆ ಅತ್ತಿದ್ದರಲ್ಲಿ ನಾಟಕ ಇರಲಿಲ್ಲ.

ಆದರೆ ಟಿವಿ ನೆನಪಿಸಿಕೊಳ್ಳಿ. ಸಂಜೆ ತನಕ ಎಲ್ಲ ಚಾನಲ್ಲಿನಲ್ಲೂ ನಾಲೆ, ಕ್ರೇನು, ದಡದಲ್ಲಿ ಸಾಲಾಗಿಟ್ಟ ಮಕ್ಕಳ ಬ್ಯಾಗು. ರಾತ್ರಿ ಆದ ಮೇಲೆ ಅದು ಪರದೆಯ ಕೆಳಗೆ ಓಡುವ ಸಾಲಾಯಿತು. ಬೆಳಗ್ಗೆ ಹೊತ್ತಿಗೆ ಅದೂ ಇಲ್ಲ. ಬಸ್ಸು ಬಿದ್ದಾಗ ಮೊದಲು ನೀರಿಗೆ ಹಾರಿದ್ದು ಅಕ್ಕಪಕ್ಕದ ಗದ್ದೆಯಲ್ಲಿದ್ದವರು, ಊರಿನವರು. ಪೊಲೀಸು, ಅಗ್ನಿಶಾಮಕದವರು ಬಂದಿದ್ದು ಆಮೇಲೆ. ಆ ಹಾರಿದವರು ಬಸ್ಸೊಳಗೆ ಏನು ನೋಡಿದರು, ಬಾಗಿಲು ಯಾಕೆ ತೆಗೆಯಲು ಆಗಲಿಲ್ಲ, ಎಷ್ಟು ಹೊತ್ತಿಗೆ ಹಗ್ಗ ಸಿಕ್ಕಿತು, ಅಲ್ಲಿ ಏನಿದ್ದಿದ್ದರೆ ಇನ್ನಿಬ್ಬರು ಉಳಿಯುತ್ತಿದ್ದರು? ಇದನ್ನೆಲ್ಲ ಅವರ ಬಾಯಿಂದ ಕೇಳಿ ಬರೆದಿಟ್ಟಿದ್ದರೆ ಅದರಷ್ಟು ಬೆಲೆಬಾಳುವ ಕಾಗದ ಜಿಲ್ಲೆಯಲ್ಲಿ ಇನ್ನೊಂದು ಇರುತ್ತಿರಲಿಲ್ಲ. ಐದು ವರ್ಷ ಕಳೆದು 2023ರ ನವೆಂಬರಲ್ಲಿ ಬನಘಟ್ಟದ ಹತ್ತಿರ ಅದೇ ನಾಲೆಗೆ ಕಾರು ಬಿದ್ದು ಐವರು ಹೋದರು. ತಡೆಗೋಡೆ ಮಾತು ಮತ್ತೆ ಎದ್ದಿತು. ಪ್ರತಿ ಸಲವೂ ಏಳುತ್ತದೆ.

ಕಟ್ಟೆ ಕಾಮೇಗೌಡರು

ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರ ವಿಷಯ ನಿಮಗೆ ಗೊತ್ತೇ ಇದೆ. ಕುರಿ ಕಾಯುವವರು. ಕುಂದಿನಿ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ಕುಡಿಯಲು ನೀರಿಲ್ಲ ಅಂತ ಕಟ್ಟೆ ತೋಡಲು ಶುರು ಮಾಡಿದರು, ತೋಡುತ್ತಲೇ ಹೋದರು, ಅದಕ್ಕಾಗಿ ಕುರಿ ಮಾರಿದರು. 2020ರ ಜೂನ್ 28ರಂದು ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಅವರ 16 ಕಟ್ಟೆಗಳ ಮಾತು ಎತ್ತಿದರು. ಅಲ್ಲಿಂದ ದಾಸನದೊಡ್ಡಿ ರಸ್ತೆಯಲ್ಲಿ ಕಾರೋ ಕಾರು. ಆಗ ಅವರಿಗೆ ಎಂಬತ್ತು ದಾಟಿತ್ತು. ಕೆಎಸ್‌ಆರ್‌ಟಿಸಿ ಜೀವನಪೂರ್ತಿ ಉಚಿತ ಬಸ್ ಪಾಸ್ ಕೊಟ್ಟಿತು. 2022ರ ಅಕ್ಟೋಬರ್ 17ಕ್ಕೆ ತೀರಿಕೊಂಡರು.

ನನಗೆ ಇದರಲ್ಲಿ ಎರಡು ವಿಷಯ ವಿಚಿತ್ರ ಅನ್ನಿಸುತ್ತದೆ. ಒಂದು, ಹೆಸರು ಬಂದ ಮೇಲೆ ಅನುಮಾನದ ಮಾತೂ ಬಂತು. ಕಟ್ಟೆ ನಿಜಕ್ಕೂ ಎಷ್ಟು, ಎಲ್ಲ ಇವರೇ ತೋಡಿದ್ದಾ ಅಂತ ಲೆಕ್ಕ ಕೇಳುವವರು ಎದ್ದರು. ಕೇಳಲಿ, ತಪ್ಪಿಲ್ಲ. ಆದರೆ ನೂರು ಕಡೆ ಶಂಕುಸ್ಥಾಪನೆ ಮಾಡಿದವರ ಕಟ್ಟಡ ಎಷ್ಟು ಎದ್ದಿವೆ ಅಂತ ನಾವು ಟೇಪು ಹಿಡಿದುಕೊಂಡು ಯಾವತ್ತಾದರೂ ಹೋಗಿದ್ದೇವಾ? ಲಾಕ್‌ಡೌನಲ್ಲಿ ತಮ್ಮ ಮುಖ ಅಚ್ಚು ಹಾಕಿಸಿದ ಅಕ್ಕಿ ಚೀಲ ಹಂಚಿದವರ ಹತ್ತಿರ ಚೀಲ ಎಣಿಸಿದ್ದೇವಾ? ಕುರಿ ಕಾಯುವವನ ಕಟ್ಟೆಗೆ ಮಾತ್ರ ಅಳತೆ. ಎರಡನೆಯದು ಅದಕ್ಕಿಂತ ದೊಡ್ಡದು. ಆ ಮುದುಕರಿಗೆ ಬೆಟ್ಟ ಗೊತ್ತಿತ್ತು. ಮಳೆ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ತೋಡಿದರೆ ಬೇಸಿಗೆ ತನಕ ಉಳಿಯುತ್ತದೆ ಅಂತ ಕುರಿ ಹಿಂದೆ ಓಡಾಡಿ ಕಲಿತಿದ್ದರು. ಫೋಟೊಗೆ ಪಿಕಾಸಿ ಹಿಡಿದು ನಿಲ್ಲಿ ಅಂದವರೆಲ್ಲ ಒಂದು ದಿನ ಅವರ ಹಿಂದೆ ಬೆಟ್ಟ ಹತ್ತಿ ಇದನ್ನು ಕೇಳಿಸಿಕೊಳ್ಳಬಹುದಿತ್ತಲ್ಲ. ಮಳವಳ್ಳಿ ಕಡೆ ಬೆಟ್ಟ ಅದೊಂದೇ ಅಲ್ಲ.

ಮಂಗಳೂರು ಕಡೆಯ ಹರೇಕಳ ಹಾಜಬ್ಬ ಇನ್ನೊಂದು ಥರ. ಕಿತ್ತಳೆ ಹಣ್ಣು ಮಾರಿದ ದುಡ್ಡು ಕೂಡಿಟ್ಟು ಊರಿಗೆ ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ರೇಷನ್ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದರು. ಆ ಸಾಲಿನ ಕಥೆಯನ್ನು ನಾವೆಲ್ಲ ಬಹಳ ಪ್ರೀತಿಯಿಂದ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡಿದೆವು. ಅವರು ಮೈಕ್ ಸಿಕ್ಕಿದ ಕಡೆಯೆಲ್ಲ ತಮ್ಮ ಊರಿಗೆ ಪಿಯು ಕಾಲೇಜು ಬೇಕು ಅಂತ ಕೇಳುತ್ತಾ ಹೋದರು. ಅದು ಅಷ್ಟು ಫಾರ್ವರ್ಡ್ ಆಗಲಿಲ್ಲ. ಹಾಜಬ್ಬರ ಜಾಣತನ ನೋಡಿ. ಅವರಿಗೆ ಶಾಲು ಸಿಕ್ಕಿದ್ದು ಮುಖ್ಯ ಅನ್ನಿಸಲೇ ಇಲ್ಲ, ಮೈಕು ಸಿಕ್ಕಿತಲ್ಲ ಅಂತ ಖುಷಿಪಟ್ಟರು ಅಂತ ನನ್ನ ಊಹೆ.

ಹೂವು ಮತ್ತು ಸಂಬಳ

ಹೂವಿನ ವಿಷಯ ಬಂದಾಗ ಕೊರೋನಾದ 2020 ನೆನಪಾಗುತ್ತದೆ. ಮಾರ್ಚ್ 22ರ ಸಂಜೆ ಐದಕ್ಕೆ ತಟ್ಟೆ ಲೋಟ ಬಡಿದೆವು. ಮೇ 3ಕ್ಕೆ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವಿನ ಎಸಳು ಸುರಿಯಿತು. ಜುಲೈ 10ಕ್ಕೆ ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ. ತಟ್ಟೆ ಬಡಿದ ನಮ್ಮ ಬೀದಿಯಲ್ಲೇ 'ಈಗಲೇ ಬೇಕಿತ್ತಾ ಇವರಿಗೆ ಸ್ಟ್ರೈಕು' ಅಂದವರಿದ್ದರು. 2025ರ ಜನವರಿ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದರು. ಈ ಸಲ ಕೇಳಿದ್ದು 15,000. ಕನಿಷ್ಠ 10,000 ಸಿಗುವ ಹಾಗೆ ಮಾಡುತ್ತೇವೆ ಅನ್ನೋ ಭರವಸೆ ಸಿಕ್ಕಿದ ಮೇಲೆ ಎದ್ದರು. ಈ ನಡುವೆ ಅವರಿಗೆ ನಡೆದ ಸನ್ಮಾನಕ್ಕೆ ಲೆಕ್ಕವೇ ಇಲ್ಲ. ನಮ್ಮ ಬೀದಿಗೆ ಬರುವ ಆಶಾ ಅಕ್ಕನ ಮನೆಯಲ್ಲಿ ನೆನಪಿನ ಕಾಣಿಕೆ ಇಡಲು ಷೋಕೇಸಿಲ್ಲ ಅಂತ ಟಿವಿ ಹಿಂದೆ ಪೇರಿಸಿಟ್ಟಿದ್ದಾರೆ.

ಮೈಸೂರಿನ ಕಥೆಯೂ ಇದೇ. 2015, 2016 ಎರಡೂ ವರ್ಷ ದೇಶದ ಅತಿ ಸ್ವಚ್ಛ ನಗರ. ಪ್ರಶಸ್ತಿ ಹಿಡಿದುಕೊಂಡು ನಕ್ಕ ಫೋಟೊಗಳು ಎಲ್ಲೆಲ್ಲೂ ಬಂದವು. ಬೆಳಗ್ಗೆ ಐದೂವರೆಗೆ ಅಗ್ರಹಾರದ ಕಡೆ ಹೋದರೆ ಆ ಪ್ರಶಸ್ತಿ ನಿಜಕ್ಕೂ ಯಾರದು ಅಂತ ಗೊತ್ತಾಗುತ್ತದೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟರು. ನಾಲ್ಕು ದಿನ ಕಸ ಎತ್ತದೇ ಇದ್ದಾಗ ಕೇಳಿಸಿದ ಮಾತು, ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದ ಯಾವ ಭಾಷಣದಲ್ಲೂ ಕೇಳಿಸಿರಲಿಲ್ಲ. ಇದನ್ನೆಲ್ಲ ನೋಡಿ ನನಗೆ ಒಂದು ಅನುಮಾನ ಗಟ್ಟಿಯಾಗಿದೆ. ಸಾಮಾನ್ಯರಿಗೆ ನಾವು ಮಾಡುವ ಸನ್ಮಾನ ಬಹಳ ಸಲ ಅವರ ಮಾತು ಕೇಳದೇ ಇರುವುದಕ್ಕೆ ನಾವು ಕಟ್ಟುವ ದಂಡ. ಶಾಲು ಹೊದಿಸಿದ ಮೇಲೆ ಜಗಳ ಆಡುವುದು ಯಾರಿಗಾದರೂ ಕಷ್ಟ. ಹಾರ ಹಾಕಿಸಿಕೊಂಡವರು ಮಾರನೇ ದಿನ ಸಂಬಳ ಕೇಳಿದರೆ 'ಸೇವೆ ಅಂದ್ಕೊಂಡಿದ್ವಿ' ಅಂತ ಮುಖ ಸಿಂಡರಿಸುತ್ತೇವೆ.

ಸ್ಟಾರುಗಳ ಕಥೆ ಇದಕ್ಕೆ ಉಲ್ಟಾ. ಅವರು ಕೆಮ್ಮಿದರೂ ಸುದ್ದಿ. ಅವರ ಹೆಸರಿನಲ್ಲಿ ನಡೆಯುವ ಮೆರವಣಿಗೆಗೆ ಬೆಲೆ ಕಟ್ಟುವವರು ಮತ್ತೆ ಸಾಮಾನ್ಯರೇ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟ್ ತಗುಲಿ ಸತ್ತರು. ಯಶ್ ಅಲ್ಲಿಗೇ ಹೋದರು, ಇಂಥ ಅಭಿಮಾನ ಬೇಡ ಅಂದರು. ಆ ಮಾತು ರಾಜ್ಯಕ್ಕೆಲ್ಲ ಒಂದೇ ಗಂಟೆಯಲ್ಲಿ ಮುಟ್ಟಿತು. ಅಷ್ಟು ದೂರ ಹೋಗುವ ದನಿ ಒಬ್ಬರಿಗೆ ಇದೆ ಅನ್ನುವುದೇ ದೊಡ್ಡ ವಿಷಯ ಅಲ್ವಾ? ಪುನೀತ್ ಆ ದನಿಯನ್ನು ಹೇಗೆ ಬಳಸಿದರು ಅಂತ ನಮಗೆ ಗೊತ್ತಾಗಿದ್ದು 2021ರ ಅಕ್ಟೋಬರ್ 29ಕ್ಕೆ ಅವರು ತೀರಿಕೊಂಡ ಮೇಲೆ. ಮೈಸೂರಿನ ಶಕ್ತಿಧಾಮ ಅನ್ನೋ ಆಶ್ರಯಧಾಮದಲ್ಲಿ ಹೆಣ್ಣುಮಕ್ಕಳು ಅತ್ತಿದ್ದು ನೋಡಿ ಬಹಳ ಜನಕ್ಕೆ ಅಲ್ಲೊಂದು ಶಕ್ತಿಧಾಮ ಇದೆ ಅಂತ ತಿಳಿಯಿತು. ಅಪ್ಪನ ಹಾಗೇ ಇವರ ಕಣ್ಣೂ ದಾನವಾಯಿತು, ನಾಲ್ವರಿಗೆ ದೃಷ್ಟಿ ಬಂತು, ಅದಾದ ಮೇಲೆ ಕಣ್ಣು ಬರೆದುಕೊಡುವವರ ಸಾಲು ಬೆಳೆಯಿತು. ನಮ್ಮ ಸ್ಕೂಲಿನಲ್ಲೇ ಇಬ್ಬರು ಅಟೆಂಡರುಗಳು ಬರೆದುಕೊಟ್ಟರು. ಕಣ್ಣು ದಾನ ಮಾಡಿ ಅಂತ ಎಷ್ಟೋ ವರ್ಷದಿಂದ ಊರೂರು ಸುತ್ತಿ ಹೇಳುತ್ತಿದ್ದವರ ಮಾತಿಗೆ ಒಂದು ಸಲ ಬಲ ಬಂತು.

ಅವತ್ತು ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ನಟರ ಕೈಗೆ ಆ ಬಿಟ್ಟುಹೋದ ಸಾಲನ್ನು ಕೊಟ್ಟಿದ್ದರೆ? ಟ್ರೇಲರ್ ಮುಗಿದ ಮೇಲೆ, ಪಟಾಕಿ ಹೊಡೆಯುವ ಮುಂಚೆ, ಮೈಕಲ್ಲಿ ಅದೊಂದನ್ನು ಓದಿದ್ದರೆ? ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ವೇದಿಕೆ ಮೇಲಿದ್ದವರು ಆಯ್ತು ಅನ್ನದೇ ವಿಧಿ ಇರಲಿಲ್ಲ. ನಟರಿಗೂ ಹೆಸರು ಬರುತ್ತಿತ್ತು. ಬರಲಿ ಬಿಡಿ, ಆ ಹೆಸರು ನ್ಯಾಯವಾಗಿ ಅವರದೇ.

ಆತಕೂರಿನ ಕಲ್ಲು

ಇನ್ನೊಂದು ಹೇಳಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಳೆಯ ವೀರಗಲ್ಲು ಇತ್ತು. ಸುಮಾರು ಕ್ರಿ.ಶ. 950ರದ್ದು. ಈಗ ಅದು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಮಣಲೆರ ಅನ್ನೋ ಯೋಧ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂತ ರಾಜ ಅಂದಾಗ ಅವನು ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿ ಜೊತೆ ಸೆಣಸಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿ ಎರಡನ್ನೂ ಕೆತ್ತಿದರು.

ನಾನು ಮಕ್ಕಳಿಗೆ ಇದನ್ನು ಹೇಳಿದಾಗ ನಾಯಿಗೂ ಕಲ್ಲಾ ಅಂತ ನಗುತ್ತಾರೆ. ನನಗೆ ಇಷ್ಟವಾಗುವುದು ಆ ಕಲ್ಲಿನ ಬರಹದಲ್ಲಿರುವ ಅಚ್ಚುಕಟ್ಟು. ನಾಯಿಯ ಹೆಸರಿದೆ. ಅದು ಏನು ಮಾಡಿತು ಅಂತ ಇದೆ. ಅದರ ಪೂಜೆಗೆ ಭೂಮಿ ಬಿಟ್ಟಿದ್ದು ಇದೆ. ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟಲಿ ಅಂತ ಎಚ್ಚರಿಕೆಯೂ ಇದೆ. ಆ ಕಾಲದಲ್ಲಿ ದನ ಕಾಯಲು ಹೋಗಿ, ಊರು ಉಳಿಸಲು ಹೋಗಿ ಸತ್ತವನ ಮನೆಗೆ ನೆತ್ತರುಗೊಡಗೆ ಅಂತ ಭೂಮಿ ಕೊಡುತ್ತಿದ್ದರು. ಗದ್ದೆ ಎಷ್ಟು, ಯಾರಿಗೆ ಅಂತ ಕಲ್ಲಲ್ಲಿ ಕೊರೆಸುತ್ತಿದ್ದರು, ಮುಂದೆ ಯಾರೂ ಮಾತು ತಪ್ಪದಿರಲಿ ಅಂತ. ಆಗಿನ ಸಮಾಜ ಚಿನ್ನದಂಥದ್ದು ಅಂತ ನಾನು ಹೇಳುತ್ತಿಲ್ಲ. ದನ ಕದಿಯುವ ಯುದ್ಧಗಳಲ್ಲಿ ಸುಮ್ಮನೆ ಸತ್ತವರೇ ಜಾಸ್ತಿ. ಆದರೆ ಹೊಗಳಿಕೆ ಜೊತೆಗೆ ಗದ್ದೆಯೂ ಹೋಗಬೇಕು ಅನ್ನುವ ಲೆಕ್ಕಾಚಾರ ಅವರಿಗಿತ್ತು. ನಮ್ಮ ಹತ್ತಿರ ಹಣ್ಣಿನ ಬುಟ್ಟಿ ಇದೆ, ಅದರಲ್ಲೂ ಕೆಳಗಡೆ ಪೇಪರ್ ತುಂಬಿರುತ್ತಾರೆ.

ಈ ವರ್ಷವೂ ಅದೇ ಸಂಘದವರು ಫೋನ್ ಮಾಡಿದ್ದರು. ರಾಜ್ಯೋತ್ಸವ ಬಂತಲ್ಲ, ಐದು ಪತ್ರ ಬೇಕು ಮೇಷ್ಟ್ರೆ ಅಂತ. ಬರೆದುಕೊಡುತ್ತೇನೆ ಅಂದೆ. ಆದರೆ ಒಂದು ಷರತ್ತು. ಪ್ರತಿ ಪತ್ರದ ಕೊನೆಗೆ ಆ ಮನುಷ್ಯ ಊರಿಗೆ ಏನು ಬೇಕು ಅಂತ ಕೇಳುತ್ತಾರೋ ಅದನ್ನು ಒಂದು ಸಾಲಿನಲ್ಲಿ ಬರೆಯುತ್ತೇನೆ. ಅದನ್ನು ತೆಗೆಯುವ ಹಾಗಿಲ್ಲ, ಮುಖ್ಯ ಅತಿಥಿಗಳೇ ಅದನ್ನು ಮೈಕಲ್ಲಿ ಓದಬೇಕು. ಬೇಕಾದರೆ ಶಾಲಿನ ದುಡ್ಡು ಉಳಿಸಿ ಈಜುಗಾರರಿಗೆ ಒಂದು ಒಳ್ಳೆ ಲೈಫ್ ಜಾಕೆಟ್ ತೆಗೆದುಕೊಡಿ, ಲಾರಿ ಟ್ಯೂಬು ಹಳೇದಾಗಿದೆ ಅಂತಲೂ ಸೇರಿಸಿದೆ.

ಕಾರ್ಯದರ್ಶಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಜಾಕೆಟ್ ಕೊಡ್ಸೋಣ ಮೇಷ್ಟ್ರೆ, ಅದೇನಿಲ್ಲ. ಅದರ ಮೇಲೆ ನಮ್ ಸಂಘದ ಹೆಸ್ರು ಪ್ರಿಂಟ್ ಹಾಕಿಸ್ಬೋದಲ್ವಾ?"

ಹಾಕಿಸಿ ಅಂದೆ. ದೊಡ್ಡ ಅಕ್ಷರದಲ್ಲೇ ಹಾಕಿಸಿ. ಆ ಸಾಲಿನ ವಿಷಯ ಮಾತ್ರ ಗೆಸ್ಟ್ ಯಾರು ಅಂತ ಫೈನಲ್ ಆದ ಮೇಲೆ ಹೇಳುತ್ತಾರಂತೆ.